ಹತ್ತರಲ್ಲಿ ಎಷ್ಟು?

ಅಮ್ಮ ಸರ್ಪಸುತ್ತಿನಿಂದ ಆಸ್ಪತ್ರೆಯಲ್ಲಿದ್ದ ನಾಲ್ಕು ದಿನವೂ ನರ್ಸ್ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬಂದು ಕೇಳುತ್ತಿದ್ದಳು: "ಅಮ್ಮಾ, ನೋವು ಹತ್ತರಲ್ಲಿ ಎಷ್ಟಿದೆ?" ಅಮ್ಮನ ಉತ್ತರ ಒಂದು ಸಲವೂ ಬದಲಾಗಲಿಲ್ಲ. "ಐದು ಎಂದು ಬರೆದುಕೊಳ್ಳಮ್ಮ." ಮಂಚದ ಸರಳು ಹಿಡಿದು ಕುಳಿತೇ ಬೆಳಗು ಮಾಡಿದ ದಿನವೂ ಐದು, ಮಾತ್ರೆ ನಾಟಿ ನಾಲ್ಕು ತಾಸು ಕಣ್ಣು ಹತ್ತಿದ ದಿನವೂ ಐದು. ಮೂರನೆಯ ದಿನ ತಡೆಯಲಾರದೆ ಕೇಳಿಯೇಬಿಟ್ಟೆ. "ಹತ್ತು ಎಂದರೆ ಬದುಕಿರಲಾಗದ್ದು, ಅದನ್ನು ಬಾಯಿಬಿಟ್ಟು ಹೇಳಬಾರದು. ಒಂದೋ ಎರಡೋ ಎಂದರೆ ಸುಳ್ಳಾಗುತ್ತದೆ. ನೀನು ಎದುರಿಗೇ ಕುಳಿತಿರುವಾಗ ಇನ್ನೆಷ್ಟು ಹೇಳಲಿ?" ಎಂದಳು.

ಆ ಐದರೊಳಗೆ ನಾನೂ ಸೇರಿದ್ದೆ ಎಂದು ತಿಳಿದದ್ದು ಆಗ.

ಮನೆಗೆ ಬಂದ ಮೇಲೆ ಗುಳ್ಳೆಗಳು ಒಣಗಿದವು, ಹಕ್ಕಳೆ ಉದುರಿತು, ಬೆನ್ನಿನ ಬಲಮಗ್ಗುಲಿನಲ್ಲಿ ಮಸುಕು ಕಲೆಗಳಷ್ಟೇ ಉಳಿದವು. ನೋವು ಮಾತ್ರ ಹೋಗಲಿಲ್ಲ. ಮೂರು ತಿಂಗಳಾದ ಮೇಲೆ ನರರೋಗ ತಜ್ಞರೊಬ್ಬರಿಗೆ ತೋರಿಸಿದೆವು. ಅವರು ಒಂದು ಚಿಟಿಕೆ ಹತ್ತಿಯನ್ನು ಬೆರಳುಗಳ ನಡುವೆ ಎಳೆದು ತೆಳ್ಳಗೆ ಮಾಡಿಕೊಂಡರು. ಅಮ್ಮನನ್ನು ಬೆನ್ನು ತಿರುಗಿಸಿ ಕೂರಿಸಿ, ನೋವಿಲ್ಲದ ಜಾಗದಿಂದ ಶುರುಮಾಡಿ ನೋವಿರುವ ಕಡೆಗೆ ಮೆಲ್ಲಗೆ ಸವರುತ್ತ ಬಂದರು. ಅಮ್ಮ ಎಲ್ಲಿ ಉಸಿರು ಬಿಗಿಹಿಡಿದಳೋ ಅಲ್ಲಿ ನೀಲಿ ಪೆನ್ನಿನಿಂದ ಒಂದು ಚುಕ್ಕೆ. ಮತ್ತೆ ಇನ್ನೊಂದು ದಿಕ್ಕಿನಿಂದ, ಮತ್ತೊಂದು ಚುಕ್ಕೆ. ಹೀಗೆ ಹನ್ನೆರಡು ಚುಕ್ಕೆಗಳನ್ನು ಸೇರಿಸಿದಾಗ ಬೆನ್ನುಮೂಳೆಯಿಂದ ಪಕ್ಕೆಯ ಕಡೆಗೆ ಚಾಚಿದ, ಅಂಗೈಗಿಂತ ಉದ್ದನೆಯ ಎಲೆಯ ಆಕಾರವೊಂದು ಮೂಡಿತು. ಅದರೊಳಗೆ ಹತ್ತಿಯ ಎಳೆ ತಾಕಿದರೆ ಬೆಂಕಿ. ಗೆರೆಯಿಂದ ಒಂದು ಬೆರಳು ಆಚೆ ಅದು ಬರಿಯ ಹತ್ತಿ.

ಚಿಕ್ಕಂದಿನಲ್ಲಿ ಬಂದ ಸೀತಾಳೆ ಸಿಡುಬಿನ ವೈರಸ್ ಬೆನ್ನುಹುರಿಯ ಪಕ್ಕದ ನರಗಂಟಿನಲ್ಲಿ ದಶಕಗಟ್ಟಲೆ ಅಡಗಿದ್ದು, ಮುಪ್ಪಿನಲ್ಲಿ ಎದ್ದು, ಆ ನರವನ್ನೇ ಹಾಳುಮಾಡುತ್ತ ಚರ್ಮಕ್ಕೆ ಇಳಿಯುತ್ತದೆ. ಗಾಯ ಮಾಯ್ದರೂ ಕೆಲವರಲ್ಲಿ ನರದ ಲೆಕ್ಕ ಸರಿಹೋಗುವುದಿಲ್ಲ. ನೋಯಿಸಬಾರದ ಸ್ಪರ್ಶವೇ ನೋಯಿಸತೊಡಗುತ್ತದೆ. ವೈದ್ಯರು ಇದನ್ನು ಅಲೊಡೀನಿಯ ಎನ್ನುತ್ತಾರೆ. ನನ್ನನ್ನು ಕಾಡಿದ್ದು ಆ ಹೆಸರಲ್ಲ, ಆ ಹತ್ತಿಯ ಎಳೆ. ಹೊರಗಿನಿಂದ ಬಂದದ್ದು ಅಷ್ಟು ಹಗುರ, ಒಳಗೆ ಆದದ್ದು ಅಷ್ಟು ಭಾರ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಯಾರಾದರೂ ಪ್ರಯತ್ನಿಸಿದ್ದಾರೆಯೇ ಎಂದು ಹುಡುಕಲು ಹೊರಟವಳು ಒಂದು ವರ್ಷ ಅದರಲ್ಲೇ ಮುಳುಗಿಹೋದೆ.

ಪ್ರಯತ್ನ ಹಳೆಯದು. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಅರ್ನ್‌ಸ್ಟ್ ವೇಬರ್ ಎಂಬ ಅಂಗರಚನಾ ಶಾಸ್ತ್ರಜ್ಞ ಜನರ ಕೈಗೆ ತೂಕಗಳನ್ನು ಕೊಟ್ಟು, ಎಷ್ಟು ಹೆಚ್ಚಿಸಿದರೆ ವ್ಯತ್ಯಾಸ ಗೊತ್ತಾಗುತ್ತದೆ ಎಂದು ಪರೀಕ್ಷಿಸಿದ. 1834ರಲ್ಲಿ ಅವನು ಪ್ರಕಟಿಸಿದ ಸಂಗತಿ ಇದು: ಹಗುರವಾದದ್ದು ಕೈಯಲ್ಲಿದ್ದಾಗ ಅಲ್ಪಸ್ವಲ್ಪ ಹೆಚ್ಚಿದರೂ ತಿಳಿಯುತ್ತದೆ, ಭಾರವಾದದ್ದು ಇದ್ದಾಗ ಅದೇ ಪ್ರಮಾಣಕ್ಕೆ ತಕ್ಕಷ್ಟು ಹೆಚ್ಚು ಸೇರಿಸಬೇಕು. ಅದೇ ಊರಿನ ಗುಸ್ತಾವ್ ಫೆಕ್ನರ್ ಇದರ ಮೇಲೆ ಇನ್ನೊಂದು ಮಹಡಿ ಕಟ್ಟಿದ. 1850ರ ಅಕ್ಟೋಬರ್ 22ರ ಬೆಳಿಗ್ಗೆ ಹಾಸಿಗೆಯಲ್ಲಿ ಮಲಗಿದ್ದಾಗಲೇ ಅವನಿಗೆ ಹೊಳೆಯಿತಂತೆ: ಕೇವಲ ಗುರುತಿಗೆ ಸಿಗುವ ಆ ಚಿಕ್ಕ ವ್ಯತ್ಯಾಸವನ್ನೇ ಅಳತೆಗೋಲಿನ ಒಂದು ಗೆರೆ ಎಂದುಕೊಂಡರೆ ಮನಸ್ಸಿನ ಅನುಭವವನ್ನೂ ಅಳೆಯಬಹುದಲ್ಲ! ಹತ್ತು ವರ್ಷಗಳ ನಂತರ, 1860ರಲ್ಲಿ, ಅವನ ದೊಡ್ಡ ಗ್ರಂಥ ಹೊರಬಂತು. ಹೊರಗಿನ ಅಳತೆಗೂ ಒಳಗಿನ ಅನುಭವಕ್ಕೂ ಇರುವ ನಂಟನ್ನು ಹುಡುಕುವ ಸೈಕೋಫಿಸಿಕ್ಸ್ ಎಂಬ ವಿದ್ಯೆ ಹುಟ್ಟಿತು. ಫೆಕ್ನರ್ ಅದಕ್ಕೂ ಮೊದಲು, ಕಣ್ಣಿನಲ್ಲಿ ಉಳಿಯುವ ಬೆಳಕಿನ ಅಚ್ಚುಗಳನ್ನು ತಿಳಿಯಲು ಬಣ್ಣದ ಗಾಜಿನ ಮೂಲಕ ಸೂರ್ಯನನ್ನು ನೋಡಿ ನೋಡಿ ಕಣ್ಣು ಕೆಡಿಸಿಕೊಂಡು ವರ್ಷಗಟ್ಟಲೆ ಕತ್ತಲೆಯಲ್ಲಿ ಕಳೆದವನು. ಈ ವಿದ್ಯೆಯ ಚರಿತ್ರೆಯಲ್ಲಿ ತಮ್ಮ ಮೈಯನ್ನೇ ಮೊದಲು ಒಡ್ಡಿದವರು ಮತ್ತೆ ಮತ್ತೆ ಎದುರಾಗುತ್ತಾರೆ. ಅವರ ಬಗ್ಗೆ ನನಗೆ ಆಳವಾದ ಗೌರವವಿದೆ.

ನೂರು ವರ್ಷಗಳಾದ ಮೇಲೆ ಹಾರ್ವರ್ಡ್‌ನ ಎಸ್. ಎಸ್. ಸ್ಟೀವನ್ಸ್ ಬೇರೆ ದಾರಿ ಹಿಡಿದ. ವ್ಯತ್ಯಾಸವನ್ನು ಏಕೆ ಕೇಳಬೇಕು, ಎಷ್ಟು ಅನ್ನಿಸಿತು ಎಂದು ನೇರವಾಗಿ ಸಂಖ್ಯೆಯಲ್ಲೇ ಹೇಳಿಸೋಣ ಎಂದ. ಬೆಳಕನ್ನು ಇಮ್ಮಡಿಗೊಳಿಸಿದರೆ ಜನರಿಗೆ ಕಾಲು ಭಾಗ ಮಾತ್ರ ಹೆಚ್ಚಿದಂತೆ ಕಂಡಿತು. ಗೆರೆಯ ಉದ್ದವನ್ನು ಇಮ್ಮಡಿಗೊಳಿಸಿದರೆ ಸರಿಯಾಗಿ ಇಮ್ಮಡಿ. ಬೆರಳಿಗೆ ಹರಿಸಿದ ವಿದ್ಯುತ್ತನ್ನು ಇಮ್ಮಡಿಗೊಳಿಸಿದರೆ? ಹೊರಗಿನದು ಹೆಚ್ಚಿದಂತೆ ಅನುಭವ ಎಷ್ಟು ಬೇಗ ಏರುತ್ತದೆ ಎಂಬುದನ್ನು ಅವನ ಸೂತ್ರ ಘಾತಾಂಕ ಎಂಬ ಒಂದು ಸಂಖ್ಯೆಯಿಂದ ಹೇಳುತ್ತದೆ. ವಿದ್ಯುತ್ ಆಘಾತಕ್ಕೆ ಅದು 3.5. ಲೆಕ್ಕ ಹಾಕಿದರೆ ಅನುಭವ ಸುಮಾರು ಹನ್ನೊಂದು ಪಟ್ಟು. ಬೆಳಕನ್ನು ತಗ್ಗಿಸಿ ಒಳಗೆ ಬಿಟ್ಟುಕೊಳ್ಳುವ ದೇಹವೇ ಅಪಾಯವನ್ನು ಹಿಗ್ಗಿಸಿ ಬಿಟ್ಟುಕೊಳ್ಳುತ್ತದೆ. ಸೂರ್ಯನನ್ನೂ ಹಣತೆಯನ್ನೂ ಒಂದೇ ಕಣ್ಣಿಗೆ ಹಿಡಿಸಬೇಕು, ಆದರೆ ಸುಡುವುದರಿಂದ ಕೈಯನ್ನು ಕೂಡಲೇ ಎಳೆದುಕೊಳ್ಳಬೇಕು. ಎರಡಕ್ಕೂ ಒಂದೇ ಸೂತ್ರ ಹೊಂದಬೇಕಾಗಿಲ್ಲ ಎಂದು ನನಗನ್ನಿಸುತ್ತದೆ. ಈ ಘಾತಾಂಕಗಳು ಕಲ್ಲಿನಲ್ಲಿ ಕೊರೆದವಲ್ಲ, ಪರೀಕ್ಷೆಯ ವಿಧಾನ ಬದಲಾದರೆ ಅವೂ ಬದಲಾಗುತ್ತವೆ.

ಇಷ್ಟರ ನಡುವೆ, 1940ರ ದಶಕದಲ್ಲಿ, ನ್ಯೂಯಾರ್ಕ್‌ನಲ್ಲಿ ನಡೆದ ಒಂದು ಪ್ರಯತ್ನವನ್ನು ನಾನು ಬಿಡಿಸಿ ಹೇಳಲೇಬೇಕು. ಜೇಮ್ಸ್ ಹಾರ್ಡಿ, ಹೆರಾಲ್ಡ್ ವುಲ್ಫ್, ಹೆಲೆನ್ ಗುಡೆಲ್ ಎಂಬ ಮೂವರು ಡೋಲೊರಿಮೀಟರ್ ಎಂಬ ಸಲಕರಣೆ ಮಾಡಿದರು. ಬಲವಾದ ದೀಪದ ಬೆಳಕನ್ನು ಮಸೂರದಿಂದ ಒಂದೆಡೆ ಕೂಡಿಸಿ, ಮಸಿ ಬಳಿದ ಹಣೆಯ ಮೇಲೆ ಮೂರು ಸೆಕೆಂಡು ಬೀಳಿಸುವುದು. ಮಸಿ ಏಕೆಂದರೆ, ಚರ್ಮದ ಬಣ್ಣ ಯಾವುದೇ ಇದ್ದರೂ ಅದು ಹೀರುವ ಶಾಖ ಸಮನಾಗಿರಲಿ ಎಂದು. ಬೆಚ್ಚಗಿನ ಅನುಭವ ತುದಿಯಲ್ಲಿ ಚುರುಕ್ಕೆಂದ ಗಳಿಗೆಯೇ ನೋವಿನ ಹೊಸ್ತಿಲು. ಚರ್ಮದ ಉಷ್ಣತೆ ಆಗ ಸುಮಾರು 45 ಡಿಗ್ರಿ ಸೆಲ್ಸಿಯಸ್. ಅಲ್ಲಿಂದ ಮೇಲಕ್ಕೆ ಶಾಖವನ್ನು ಏರಿಸುತ್ತ, ಹೆಚ್ಚಾಯಿತು ಎಂದು ಗುರುತಿಸಬಲ್ಲ ಮೆಟ್ಟಿಲುಗಳನ್ನು ಎಣಿಸಿದರು. ಇಪ್ಪತ್ತೊಂದು ಮೆಟ್ಟಿಲು ಸಿಕ್ಕಿದವು. ಎರಡು ಮೆಟ್ಟಿಲಿಗೆ ಒಂದು 'ಡೋಲ್' ಎಂದು ಹೆಸರಿಟ್ಟರು. ನೋವು ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು. ಮನುಷ್ಯನ ನೋವು ಸೊನ್ನೆಯಿಂದ ಹತ್ತೂವರೆ ಡೋಲ್‌ವರೆಗೆ, ಅದರಿಂದಾಚೆಗೆ ಶಾಖ ಹೆಚ್ಚಿದರೂ ನೋವು ಹೆಚ್ಚದು ಎಂದರು. ಪರೀಕ್ಷೆಗೆ ಒಳಗಾದವರೂ ಮುಖ್ಯವಾಗಿ ಅವರೇ. ಹಣೆಗೆ ಮಸಿ ಬಳಿದುಕೊಂಡು ಒಬ್ಬರೆದುರಿಗೆ ಒಬ್ಬರು ಕುಳಿತ ಆ ಮೂವರು ನನ್ನ ಕಣ್ಣೆದುರಿಗೆ ಬರುತ್ತಾರೆ. ಗ್ರಾಂ, ಮೀಟರ್, ಡಿಗ್ರಿಗಳ ಸಾಲಿನಲ್ಲಿ ನೋವಿಗೂ ಒಂದು ಮಾನ ಸಿಕ್ಕಿತು ಎಂದು ಅವರು ನಿಜವಾಗಿಯೂ ನಂಬಿದ್ದರು.

ಆಮೇಲೆ ಹಾರ್ಡಿ ಅದನ್ನು ಹೆರಿಗೆಯ ಕೋಣೆಗೆ ಒಯ್ದ. 1949ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಹೆಂಗಸರಿಗೆ ಒಂದು ಬೇನೆಗೂ ಮುಂದಿನ ಬೇನೆಗೂ ನಡುವಿನ ಬಿಡುವಿನಲ್ಲಿ ಕೈಯ ಮೇಲೆ ಶಾಖ ಬೀಳಿಸಿ, ಈಗ ಬಂದ ಬೇನೆ ಇದಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ಕೇಳಲಾಯಿತು. ಬೇನೆ ಬಲಿತಂತೆ ಶಾಖವೂ ಏರಿತು. ಅಳತೆಯ ಕೊನೆಯ ಮೆಟ್ಟಿಲು ಮುಟ್ಟುವ ಹೊತ್ತಿಗೆ ಚರ್ಮ ಸುಟ್ಟುಹೋಗುವಷ್ಟು ಶಾಖ ಬೇಕಾಗಿತ್ತು, ಕೈ ಸುಟ್ಟಿತು ಕೂಡ. ಇದನ್ನು ಓದಿದ ದಿನ ನಾನು ಮುಂದಿನ ಪುಟ ತಿರುಗಿಸಲಿಲ್ಲ. ಆ ತಾಯಿ ತನ್ನ ಬಾಯಿಂದ ಹೇಳಿದ್ದು ಸಾಲದೆ ಹೋಯಿತಲ್ಲ, ಅದನ್ನು ದೃಢಪಡಿಸಲು ಎರಡನೆಯದೊಂದು ನೋವು ಬೇಕಾಯಿತಲ್ಲ ಎಂಬ ಸಂಕಟ. ಅಷ್ಟಾದರೂ ಕೊನೆಗೆ ಅವರು ಆಧರಿಸಿದ್ದು ಅವಳ ಮಾತನ್ನೇ. 'ಇದು ಅದರಷ್ಟೇ ಇದೆ' ಎಂದು ಅವಳು ಹೇಳದಿದ್ದರೆ ಆ ಯಂತ್ರದಿಂದ ಯಾವ ಸಂಖ್ಯೆಯೂ ಹೊರಡುತ್ತಿರಲಿಲ್ಲ.

ಡೋಲ್ ಬಹುಕಾಲ ಬಾಳಲಿಲ್ಲ. ಬೇರೆ ಪ್ರಯೋಗಾಲಯಗಳಲ್ಲಿ ಅದೇ ಮೆಟ್ಟಿಲುಗಳು ಸಿಗಲಿಲ್ಲ. ದೊಡ್ಡ ಪೆಟ್ಟು ಕೊಟ್ಟವನು ಅರಿವಳಿಕೆ ತಜ್ಞ ಹೆನ್ರಿ ಬೀಚರ್. ಆಸ್ಪತ್ರೆಯಲ್ಲಿ ರೋಗಿಯ ನೋವನ್ನು ಇಳಿಸುವ ಮಾರ್ಫಿನ್ ಪ್ರಯೋಗಾಲಯದಲ್ಲಿ ಶಾಖದ ಹೊಸ್ತಿಲನ್ನು ನೆಚ್ಚಿಕೊಳ್ಳುವ ಹಾಗೆ ಏರಿಸುವುದಿಲ್ಲವಲ್ಲ, ಹಾಗಾದರೆ ನೀವು ಅಳೆಯುತ್ತಿರುವುದು ಏನನ್ನು ಎಂದು ಅವನು ಕೇಳಿದ. ಈ ಪ್ರಶ್ನೆ ಅವನಿಗೆ ಹುಟ್ಟಿದ್ದು ಎರಡನೆಯ ಮಹಾಯುದ್ಧದಲ್ಲಿ, ಇಟಲಿಯ ರಣರಂಗದಲ್ಲಿ. ತೀವ್ರವಾಗಿ ಗಾಯಗೊಂಡ 215 ಸೈನಿಕರನ್ನು ಅವನು ವಿಚಾರಿಸಿದ್ದ. ನೋವಿಗೆ ಔಷಧ ಬೇಕೇ ಎಂದಾಗ ಸುಮಾರು ಮುಕ್ಕಾಲು ಪಾಲು ಜನ ಬೇಡ ಎಂದರು. ಅವರ ಚರ್ಮ ಮರಗಟ್ಟಿರಲಿಲ್ಲ, ಪ್ರಜ್ಞೆ ತಪ್ಪಿರಲಿಲ್ಲ. ಸೂಜಿಯನ್ನು ಒರಟಾಗಿ ಚುಚ್ಚಿದರೆ ಎಲ್ಲರಂತೆ ಅವರೂ ಜೋರಾಗಿ ಆಕ್ಷೇಪಿಸುತ್ತಿದ್ದರು. ಅವನ ವಿವರಣೆ ಹೀಗೆ: ಅವರಿಗೆ ಆ ಗಾಯವೆಂದರೆ ಯುದ್ಧ ಮುಗಿಯಿತು, ಜೀವ ಉಳಿಯಿತು ಎಂದು. ಅದೇ ಬಗೆಯ ಗಾಯ ಊರಲ್ಲಿದ್ದವನಿಗೆ ಸಂಸಾರಕ್ಕೇ ಬಿದ್ದ ಪೆಟ್ಟು.

ನರಗಳ ಮಟ್ಟಕ್ಕೆ ಇಳಿದರೆ ಒಂದಷ್ಟು ದೂರ ಎಲ್ಲವೂ ಅಚ್ಚುಕಟ್ಟು. ಚರ್ಮದ ನರತುದಿಗಳಲ್ಲಿ ಟಿಆರ್‌ಪಿವಿ1 ಎಂಬ ಪ್ರೋಟೀನ್ ಬಾಗಿಲು ಸುಮಾರು 43 ಡಿಗ್ರಿಗೆ ತೆರೆದುಕೊಳ್ಳುತ್ತದೆ. ಮೆಣಸಿನಕಾಯಿಯ ಖಾರಕ್ಕೂ ತೆರೆಯುವ ಬಾಗಿಲು ಅದೇ. ಇದನ್ನು 1997ರಲ್ಲಿ ಪತ್ತೆಹಚ್ಚಿದ ಡೇವಿಡ್ ಜೂಲಿಯಸ್‌ಗೆ 2021ರ ನೊಬೆಲ್ ಬಹುಮಾನದಲ್ಲಿ ಪಾಲು ಸಿಕ್ಕಿತು. ಸುದ್ದಿ ಒಯ್ಯುವ ತಂತುಗಳಲ್ಲಿ ಎರಡು ಬಗೆ. ಒಂದು ಸೆಕೆಂಡಿಗೆ 5ರಿಂದ 30 ಮೀಟರ್ ಓಡುತ್ತದೆ. ಇನ್ನೊಂದು ಅರ್ಧದಿಂದ 2 ಮೀಟರ್ ತೆವಳುತ್ತದೆ. ಕಾಲಿನ ಕಿರುಬೆರಳು ಮಂಚದ ಕಾಲಿಗೆ ತಗುಲಿದಾಗ ಮೊದಲು ಚುರುಕ್ಕೆನ್ನುತ್ತದೆ. ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಆಳದಿಂದ ಎದ್ದು ಬಂದು ಹಬ್ಬುತ್ತದೆಯಲ್ಲ, ಅದು ತಡವಾಗಿ ತಲುಪಿದ ಎರಡನೆಯ ಸುದ್ದಿ. ನಾವು ಕೂಡಲೇ ಬೆರಳನ್ನು ಒತ್ತಿ ಹಿಡಿದು ಉಜ್ಜುತ್ತೇವೆ. ಉಜ್ಜಿದರೆ ಏಕೆ ಕಡಿಮೆಯಾಗುತ್ತದೆ ಎಂಬುದಕ್ಕೆ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ಒಂದು ಉತ್ತರ ಮುಂದಿಟ್ಟರು: ಬೆನ್ನುಹುರಿಯಲ್ಲಿ ಒಂದು ಗೇಟು ಇದ್ದಂತೆ, ಸ್ಪರ್ಶದ ಸುದ್ದಿ ನುಗ್ಗಿದರೆ ಅದು ನೋವಿನ ಸುದ್ದಿಗೆ ಅಡ್ಡವಾಗುತ್ತದೆ, ಮೇಲಿನಿಂದ ಮಿದುಳೂ ಆ ಗೇಟನ್ನು ತೆರೆಯಬಲ್ಲದು, ಮುಚ್ಚಬಲ್ಲದು. ಆ ಗೇಟಿನ ವಿವರಗಳು ಮುಂದೆ ಎಷ್ಟೋ ತಿದ್ದುಪಡಿಯಾದವು. ಆದರೆ ಗಾಯದಿಂದ ಮಿದುಳಿಗೆ ಎಳೆದ ನೇರ ತಂತಿ ನೋವಲ್ಲ ಎಂಬುದು ಅಲ್ಲಿಗೆ ಇತ್ಯರ್ಥವಾಯಿತು.

ಅಮ್ಮನ ಹತ್ತಿಯ ಎಳೆಗೆ ಹತ್ತಿರದ ನೆಂಟನಂಥ ಒಂದು ಪ್ರಯೋಗವಿದೆ. ಸ್ವೀಡನ್‌ನ ಟಾರ್ಸ್ಟನ್ ಥುನ್‌ಬರ್ಗ್ 1896ರಲ್ಲಿ ಕಂಡುಕೊಂಡದ್ದು. ಬೆಚ್ಚಗಿನ ಸರಳು, ತಣ್ಣಗಿನ ಸರಳು, ಮತ್ತೆ ಬೆಚ್ಚಗಿನದು, ಹೀಗೆ ಒಂದರ ಪಕ್ಕ ಒಂದನ್ನು ಜೋಡಿಸುವುದು. ಸುಮಾರು 40 ಡಿಗ್ರಿ ಮತ್ತು 20 ಡಿಗ್ರಿ. ಒಂದೊಂದನ್ನೇ ಮುಟ್ಟಿದರೆ ಯಾವುದೂ ನೋಯಿಸದು. ಎಲ್ಲದರ ಮೇಲೆ ಒಟ್ಟಿಗೆ ಅಂಗೈ ಇಟ್ಟರೆ ಎಷ್ಟೋ ಜನರಿಗೆ ಸುಟ್ಟಂಥ ಉರಿ. ಎತ್ತಿ ನೋಡಿದರೆ ಚರ್ಮಕ್ಕೆ ಏನೂ ಆಗಿರುವುದಿಲ್ಲ. 'ಏನೂ ಆಗಿಲ್ಲವಲ್ಲ, ಎಲ್ಲ ಮನಸ್ಸಿನದು' ಎಂದು ಅಮ್ಮನಿಗೆ ಸಮಾಧಾನ ಹೇಳಲು ಬಂದವರಿಗೆಲ್ಲ ಈ ಸರಳುಗಳ ಮೇಲೆ ಒಮ್ಮೆ ಕೈ ಇಡಿಸಬೇಕು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಅವರ ಉರಿಯೂ ಆಗ ನಿಜವೇ ಆಗಿರುತ್ತದೆ.

ಇದರ ಇನ್ನೊಂದು ಮಗ್ಗುಲನ್ನು ಅಮೆರಿಕದ ರಾಬರ್ಟ್ ಕಾಗ್‌ಹಿಲ್ ಮತ್ತು ಸಂಗಡಿಗರು ತೋರಿಸಿದರು. 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹದಿನೇಳು ಮಂದಿಯ ಕಾಲಿಗೆ ಒಂದೇ 49 ಡಿಗ್ರಿಯ ಬಿಸಿ ಮುಟ್ಟಿಸಿ ಹತ್ತರ ಅಳತೆಯಲ್ಲಿ ಕೇಳಿದರೆ, ಒಬ್ಬರು ಹೆಚ್ಚುಕಡಿಮೆ ಒಂದು ಎಂದರು, ಇನ್ನೊಬ್ಬರು ಹೆಚ್ಚುಕಡಿಮೆ ಒಂಬತ್ತು. ಬರಿಯ ಮಾತಿನ ವ್ಯತ್ಯಾಸವೇ? ಮಿದುಳಿನ ಸ್ಕ್ಯಾನ್‌ನಲ್ಲಿ ಹೆಚ್ಚು ಸಂಖ್ಯೆ ಹೇಳಿದವರ ಮಿದುಳಿನ ಹೊರಪದರದ ಕೆಲವು ಭಾಗಗಳು ಹೆಚ್ಚು ಚುರುಕಾಗಿದ್ದವು. ಕೆಳಗಿನಿಂದ ಸುದ್ದಿ ದಾಟಿಸುವ ಥಾಲಮಸ್‌ನಲ್ಲಿ ಮಾತ್ರ ಹಾಗೆ ವ್ಯತ್ಯಾಸ ಕಾಣಲಿಲ್ಲ. ಒಂಬತ್ತು ಎಂದವರು ನಾಟಕವಾಡಿರಲಿಲ್ಲ. ಒಂದು ಎಂದವರು ಶೂರರೂ ಆಗಿರಲಿಲ್ಲ.

ಇದನ್ನೆಲ್ಲ ಓದಿ ಓದಿ, ಒಂದು ಭಾನುವಾರ ನಾನೇ ಕೈ ಒಡ್ಡೋಣ ಎಂದು ಕುಳಿತೆ. ಡೇನಿಯಲ್ ಕಾನೆಮನ್ ಮತ್ತು ಜೊತೆಗಾರರು 1993ರಲ್ಲಿ ಪ್ರಕಟಿಸಿದ ತಣ್ಣೀರಿನ ಪ್ರಯೋಗವನ್ನು ಮನೆಯಲ್ಲಿಯೇ ಮಾಡಬಹುದು. ಅವರು ಜನರ ಒಂದು ಕೈಯನ್ನು 14 ಡಿಗ್ರಿಯ ನೀರಿನಲ್ಲಿ 60 ಸೆಕೆಂಡು ಇರಿಸಿದರು. ಇನ್ನೊಂದು ಕೈಯನ್ನು ಅದೇ 60 ಸೆಕೆಂಡು, ಅದರ ಮೇಲೆ ಇನ್ನೂ 30 ಸೆಕೆಂಡು. ಆ ಕೊನೆಯ ಮೂವತ್ತರಲ್ಲಿ ನೀರು ನಿಧಾನವಾಗಿ 15 ಡಿಗ್ರಿಗೆ ಏರುತ್ತಿತ್ತು. ಮತ್ತೊಮ್ಮೆ ಮಾಡಬೇಕಾದರೆ ಯಾವುದು ಬೇಕು ಎಂದರೆ ಮೂವರಲ್ಲಿ ಇಬ್ಬರಂತೆ ಜನ ಉದ್ದದ್ದನ್ನೇ ಆರಿಸಿಕೊಂಡರು. ಹೆಚ್ಚು ಹೊತ್ತಿನ ನೋವು, ಆದರೆ ಕೊನೆ ಕೊಂಚ ಹಗುರ.

ಬೋಗುಣಿಗೆ ನೀರು ತುಂಬಿಸಿ, ಮಂಜುಗಡ್ಡೆ ಹಾಕಿ, ಥರ್ಮಾಮೀಟರ್ 14ಕ್ಕೆ ಇಳಿಯುವವರೆಗೆ ಕದಡಿದೆ. ಅಮ್ಮ ಗಡಿಯಾರ ಹಿಡಿದು ಎದುರಿಗೆ ಕುಳಿತಳು. ಕೈ ಇಳಿಸಿದ ಮೊದಲ ಹತ್ತು ಸೆಕೆಂಡು ಬರಿಯ ತಂಪು. ಇಪ್ಪತ್ತರ ಸುಮಾರಿಗೆ ಗೆಣ್ಣುಗಳ ಒಳಗೆ ಯಾರೋ ಮೆಲ್ಲಗೆ ತಿರುಪು ಬಿಗಿಯುತ್ತಿದ್ದಂತೆ. ನಲವತ್ತಕ್ಕೆ ಮಣಿಕಟ್ಟಿನ ಮೂಳೆ ಸೆಳೆಯತೊಡಗಿತು. ಉಗುರಿನ ಬುಡದಲ್ಲಿ, ತಣ್ಣೀರಿನಲ್ಲೇ, ಉರಿ. ಅರವತ್ತಾಯಿತು. ಅಮ್ಮ ಗಡಿಯಾರದಿಂದ ಕಣ್ಣೆತ್ತಿ, "ಹತ್ತರಲ್ಲಿ ಎಷ್ಟು?" ಎಂದಳು.

ನನ್ನ ಬಾಯಿಗೆ ಬಂದದ್ದು ಆರು. ಅವಳು ಕುರ್ಚಿಯ ಬೆನ್ನಿಗೆ ಒರಗದೆ, ಬಲಮಗ್ಗುಲನ್ನು ಯಾವುದಕ್ಕೂ ತಾಗಿಸದೆ, ಅಂಚಿನಲ್ಲಿ ಕುಳಿತಿದ್ದಳು. ನಾನು "ನಾಲ್ಕು" ಎಂದೆ.

ಅವಳು ನನ್ನ ಮುಖ ನೋಡಿ, ಕೈಯನ್ನು ನೀರಿನಿಂದ ತೆಗೆದು, ಟವೆಲಿನಲ್ಲಿ ಸುತ್ತಿ ಹಿಡಿದುಕೊಂಡಳು. ಇಬ್ಬರೂ ಏನೂ ಮಾತಾಡಲಿಲ್ಲ. ಎರಡನೆಯ ಕೈಯ ಸರದಿ ಬರಲೇ ಇಲ್ಲ.

ಅಂದಿನಿಂದ ನಾನು ಅವಳನ್ನು ಸಂಖ್ಯೆ ಕೇಳುವುದನ್ನು ಬಿಡಲಿಲ್ಲ, ಅದರ ಜೊತೆಗೆ ಮಾತನ್ನೂ ಕೇಳತೊಡಗಿದೆ. ಮೆಲ್ಜಾಕ್ 1975ರಲ್ಲಿ ರೂಪಿಸಿದ ಪ್ರಶ್ನಾವಳಿಯಲ್ಲಿ ನೋವನ್ನು ಬಣ್ಣಿಸುವ 78 ಪದಗಳಿವೆ, 20 ಗುಂಪುಗಳಲ್ಲಿ; ರೋಗಿ ತನಗೆ ಹೊಂದುವ ಪದವನ್ನು ಆರಿಸುತ್ತಾನೆ. ನೋವಿನ ಪ್ರಮಾಣ ಒಂದೇ ಇದ್ದರೂ ಜಾತಿ ಬೇರೆ ಇರುತ್ತದೆ, ಮತ್ತು ಔಷಧವೂ ಆ ಜಾತಿಯನ್ನು ನೋಡುತ್ತದೆ. ನರದ ನೋವಿಗೆ ಮಾಮೂಲಿ ನೋವಿನ ಮಾತ್ರೆ ಅಷ್ಟಾಗಿ ನಾಟುವುದಿಲ್ಲ. ನಮ್ಮ ನುಡಿಯಲ್ಲಂತೂ ಪ್ರತಿಯೊಂದು ಅಂಗಕ್ಕೂ ಅದರದೇ ಕ್ರಿಯಾಪದವಿದೆ. ತಲೆ ಸಿಡಿಯುತ್ತದೆ, ಹೊಟ್ಟೆ ನುಲಿಯುತ್ತದೆ, ಕಾಲು ಸೆಳೆಯುತ್ತದೆ, ಬೆನ್ನು ಹಿಡಿದುಕೊಳ್ಳುತ್ತದೆ, ಹಲ್ಲು ಜುಮ್ಮೆನ್ನುತ್ತದೆ, ಗಾಯ ಚುರುಗುಟ್ಟುತ್ತದೆ. ನೋವು ಎಂಬ ನಾಮಪದವನ್ನು ಮುಟ್ಟದೆಯೇ ನಾವು ಅದರ ಜಾಗ, ಲಯ, ಬಗೆ ಮೂರನ್ನೂ ಹೇಳಿಬಿಡುತ್ತೇವೆ. ಅಮ್ಮ ತನ್ನದಕ್ಕೆ ಹೇಳಿದ್ದು ಹೀಗೆ: "ಸದಾ ಒಂದು ಉರಿ ಇರುತ್ತದೆ, ಬೂದಿಯೊಳಗಿನ ಕೆಂಡದಂತೆ. ಅದರ ಮೇಲೆ ಆಗಾಗ ಚಳುಕು ಹೊಡೆಯುತ್ತದೆ. ಉರಿಯನ್ನು ತಡೆದುಕೊಳ್ಳಬಹುದು. ಚಳುಕು ಯಾವಾಗ ಹೊಡೆಯುತ್ತದೋ ಎಂದು ಕಾಯುವುದು ಕಷ್ಟ." ಆಸ್ಪತ್ರೆಯ ಕಾಗದದಲ್ಲಿ ಇದಕ್ಕೆ ಮನೆಯಿರಲಿಲ್ಲ. ನಾನು ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಂಡೆ.

ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ತನ್ನ ವ್ಯಾಖ್ಯೆಯನ್ನು ತಿದ್ದಿತು. ಅದರ ಪ್ರಕಾರ ನೋವೆಂದರೆ ಅಂಗಾಂಶಕ್ಕೆ ಆದ ಅಥವಾ ಆಗಬಹುದಾದ ಹಾನಿಗೆ ಸಂಬಂಧಿಸಿದ, ಇಲ್ಲವೇ ಅಂಥದ್ದನ್ನೇ ಹೋಲುವ, ಹಿತವಲ್ಲದ ಸಂವೇದನೆ ಮತ್ತು ಭಾವದ ಅನುಭವ. 'ಹೋಲುವ' ಎಂಬ ಆ ಪದದಲ್ಲಿ ಅಮ್ಮನಂಥವರಿಗೆ ಜಾಗ ಸಿಕ್ಕಿದೆ. ಜೊತೆಗಿನ ಟಿಪ್ಪಣಿಗಳಲ್ಲಿ ಒಂದು, ತನಗೆ ನೋವಿದೆ ಎಂದು ವ್ಯಕ್ತಿ ಹೇಳಿದರೆ ಅದನ್ನು ಗೌರವಿಸಬೇಕು ಎನ್ನುತ್ತದೆ. ಇದನ್ನು ನಾನು ಬರಿಯ ಕರುಣೆಯ ಮಾತೆಂದು ಓದುವುದಿಲ್ಲ. ಶಾಖವನ್ನು ಥರ್ಮಾಮೀಟರ್ ಅಳೆಯುತ್ತದೆ, ಒತ್ತಡಕ್ಕೂ ವಿದ್ಯುತ್ತಿಗೂ ಮಾಪಕಗಳಿವೆ. ನೋವಿಗೆ ಇರುವ ಮಾಪಕ ನೋಯುವವರೇ. ಮಾಪಕವನ್ನೇ ನಂಬದೆ ಅಳತೆ ತೆಗೆಯುವುದು ಹೇಗೆ?

ಒಂಬತ್ತನೆಯ ತಿಂಗಳಲ್ಲಿ ಮತ್ತೆ ಅದೇ ತಜ್ಞರ ಬಳಿಗೆ ಹೋದೆವು. ಹತ್ತಿಯ ಎಳೆ, ನೀಲಿ ಪೆನ್ನು, ಚುಕ್ಕೆಗಳು. ಎಲೆ ಚಿಕ್ಕದಾಗಿತ್ತು, ಪಕ್ಕೆಯ ಕಡೆಯ ತುದಿ ಎರಡು ಬೆರಳಿನಷ್ಟು ಒಳಗೆ ಸರಿದಿತ್ತು. ವೈದ್ಯರು ಪೆನ್ನು ಮುಚ್ಚುತ್ತ, "ಈಗ ಹತ್ತರಲ್ಲಿ ಎಷ್ಟು ಹೇಳುತ್ತೀರಿ?" ಎಂದು ಕೇಳಿದರು.

"ಐದು" ಎಂದಳು ಅಮ್ಮ.

"ಹೋದ ಸಲವೂ ಐದೇ ಹೇಳಿದ್ದಿರಲ್ಲ?"

"ಹೌದು ಡಾಕ್ಟರೇ. ಆದರೆ ಈಗ ಹೊದಿಕೆ ಹೊದ್ದು ಮಲಗುತ್ತೇನೆ."

ವೈದ್ಯರು ಎರಡನ್ನೂ ಬರೆದುಕೊಂಡರು.